ಪೊಲೀಸ್ ಪದಕಕ್ಕೆ ವೀರಗಲ್ಲಿನ ಪತ್ರ

ಚಿರಂಜೀವಿ ಕಿಂಗ್ಸ್ ಪೊಲೀಸ್ ಮೆಡಲ್‌ಗೆ,

ಸೊರಬ ತಾಲ್ಲೂಕಿನ ಒಂದು ಕೆರೆ ಏರಿಯ ಕೆಳಗೆ ಕವುಚಿ ಬಿದ್ದಿರುವ ವೀರಗಲ್ಲು ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ. ಇಲ್ಲಿ ಮಳೆ ಹದವಾಗಿದೆ, ಗದ್ದೆ ನಾಟಿ ಮುಗಿದಿದೆ. ನೀನು ಯಾವ ದೇಶದ ಯಾವ ಹರಾಜಿನ ಅಂಗಡಿಯಲ್ಲಿ, ಯಾವ ಮಖಮಲ್ಲಿನ ಪೆಟ್ಟಿಗೆಯಲ್ಲಿ ಮಲಗಿದ್ದೀಯೋ, ಸುಖವಾಗಿರು.

ಮಗು ಅಂದೆನೆಂದು ಬೇಸರ ಬೇಡ. ಏಳನೇ ಎಡ್ವರ್ಡ್ ದೊರೆ ನಿನ್ನನ್ನು ಹುಟ್ಟಿಸಿದ್ದು 1909ರಲ್ಲಿ. ನನ್ನನ್ನು ನಿಲ್ಲಿಸಿದಾಗ ಬನವಾಸಿ ಹನ್ನೆರಡು ಸಾಸಿರ ಕಲ್ಯಾಣದ ಚಾಲುಕ್ಯರ ಕೈಯಲ್ಲಿತ್ತು. ಆದರೂ ಇಬ್ಬರದೂ ಒಂದೇ ಕಸುಬು, ಶೌರ್ಯಕ್ಕೆ ಸಾಕ್ಷಿ ಹೇಳುವುದು. ಕಸುಬು ಒಂದೇ ಆದಮೇಲೆ ದಾಯಾದಿ ಜಗಳ ಇದ್ದದ್ದೇ.

ನಿನ್ನ ಅಂದಚಂದಕ್ಕೆ ನಾನು ಸಾಟಿಯಲ್ಲ, ಒಪ್ಪಿದೆ. ಬೆಳ್ಳಿಯ ಮೈ, ನೀಲಿ ರಿಬ್ಬನ್ನು, ಅದರಲ್ಲಿ ಬೆಳ್ಳಿಯ ಗೆರೆ. ಮುಖದ ಮೇಲೆ ದೊರೆ. ಬೆನ್ನ ಮೇಲೆ ಕತ್ತಿ ಗುರಾಣಿ ಹಿಡಿದ ಕಾವಲುಗಾರ. ಗುರಾಣಿಯ ಮೇಲೆ ‘ನನ್ನ ಜನರನ್ನು ಕಾಯಲು’ ಎಂಬ ಅರ್ಥದ ಇಂಗ್ಲಿಷ್ ಮಾತು. ಕೆತ್ತಿದವನು ಬಲು ಜಾಣ. ಆ ಮಾತನ್ನು ಪದಕದ ಬೆನ್ನ ಮೇಲೆ ಹಾಕಿದ. ತೊಟ್ಟವನ ಎದೆಗೆ ಅದು ತಾಗುತ್ತಿತ್ತು, ಎದುರು ನಿಂತ ಜನಕ್ಕೆ ಕಾಣಿಸುತ್ತಿದ್ದದ್ದು ದೊರೆಯ ಮುಖ ಮಾತ್ರ.

ನನ್ನ ಮೈಮೇಲೆ ಮೂರು ಅಂತಸ್ತು. ಕೆಳಗೆ ಹಸುಗಳು, ಕಾದಾಡುವ ಗಂಡಸು. ನಡುವೆ ಅವನನ್ನು ಹೊತ್ತೊಯ್ಯುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಅವನು ಕೂತಿದ್ದಾನೆ. ಕಳ್ಳರು ತುರು ಹೊಡೆದುಕೊಂಡು ಹೋದಾಗ ಬೆನ್ನಟ್ಟಿ, ದನ ಮರಳಿಸಿ, ತಾನು ಮರಳದವನು. ಅವನ ಮನೆಯವರಿಗೆ ನೆತ್ತರುಗೊಡಗೆ ಎಂದು ಹೊಲ ಬಿಟ್ಟರು. ತುರುಗೊಳ್, ಪೆಣ್ಬುಯ್ಯಲ್, ಊರಳಿವು ಅಂತ ನಮ್ಮ ಶಾಸನಗಳಲ್ಲಿ ಮಾತುಗಳಿವೆ: ದನ ಹೋಗುವಾಗ, ಹೆಂಗಸರು ಕೂಗಿಕೊಂಡಾಗ, ಊರು ಹಾಳಾಗುವಾಗ ಅಡ್ಡ ನಿಂತು ಸತ್ತವನಿಗೆ ಕಲ್ಲು. ನಮ್ಮಲ್ಲಿ ಶಿಫಾರಸು ಮಾಡುತ್ತಿದ್ದದ್ದು ಹಟ್ಟಿಗೆ ತಿರುಗಿ ಬಂದ ಹಸು.

ನಿನ್ನ ಪದ್ಧತಿ ಬೇರೆ. ಸಾಯಲೇಬೇಕೆಂಬ ಕಟ್ಟಳೆಯಿರಲಿಲ್ಲ. ಮೇಲಿನವನು ಬರೆಯಬೇಕಿತ್ತು, ಅವನ ಮೇಲಿನವನು ಒಪ್ಪಬೇಕಿತ್ತು, ಕಡತ ಸಮುದ್ರ ದಾಟಬೇಕಿತ್ತು. ವರ್ಷಕ್ಕೆ ಎರಡು ಸುಗ್ಗಿ: ಇಂಗ್ಲಿಷ್ ಹೊಸ ವರ್ಷ, ದೊರೆಯ ಹುಟ್ಟುಹಬ್ಬ. ಸಾಲದ್ದಕ್ಕೆ 1932ರಲ್ಲಿ ಇಂಡಿಯನ್ ಪೊಲೀಸ್ ಮೆಡಲ್ ಎಂಬ ತಮ್ಮನೂ ಹುಟ್ಟಿದ, ಕಂಚಿನವನು. ಬೆಳ್ಳಿ ದೊರೆಯ ಹೆಸರಿಗೆ, ಕಂಚು ಇಂಡಿಯಾದ ಹೆಸರಿಗೆ. ಪಂಕ್ತಿಭೇದದಲ್ಲಿ ನಮ್ಮ ಮಠಗಳನ್ನೂ ಮೀರಿಸಿದಿರಿ!

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಮೂಡಣಕ್ಕೆ, ಪಕ್ಕದ ಶಿಕಾರಿಪುರ ತಾಲ್ಲೂಕಿನಲ್ಲಿ ಈಸೂರು ಎಂಬ ಊರಿದೆ. 1942ರಲ್ಲಿ ಆ ಊರಿನವರು ಕಂದಾಯ ಕೊಡುವುದಿಲ್ಲ ಎಂದರು, ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಏರಿಸಿದರು, ತಮ್ಮದೇ ಸರ್ಕಾರ ಮಾಡಿಕೊಂಡರು. ಜಯಣ್ಣ ಎಂಬ ಹುಡುಗ ಅಮಲ್ದಾರ, ಮಲ್ಲಪ್ಪ ಎಂಬ ಹುಡುಗ ಸಬ್ ಇನ್‌ಸ್ಪೆಕ್ಟರ್. ನೀನು ನಗಬಹುದು. ಆದರೆ ಆ ಸೀಮೆಯಲ್ಲಿ ಊರೇ ಆರಿಸಿದ ಸಬ್ ಇನ್‌ಸ್ಪೆಕ್ಟರ್ ಅಂತ ಇದ್ದದ್ದು ಆ ಹುಡುಗನೊಬ್ಬನೇ.

ಸೆಪ್ಟೆಂಬರ್ ಕೊನೆಗೆ ನಿಜವಾದ ಅಮಲ್ದಾರ ಚನ್ನಕೃಷ್ಣಪ್ಪ, ನಿಜವಾದ ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡ ಊರಿಗೆ ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಿ ಎಂದು ಜನ ಹಟ ಹಿಡಿದರಂತೆ. ಜಟಾಪಟಿಯಾಯಿತು, ಇಬ್ಬರೂ ಹೆಣವಾದರು. ಇದನ್ನು ನಾನು ಮರೆಮಾಚುವುದಿಲ್ಲ, ಕಲ್ಲಾದರೂ ಕಣ್ಣಿದೆ. ಹೆಸರು ಕೇಳಿದೆಯಲ್ಲ, ಇಬ್ಬರೂ ವಿಲಾಯಿತಿಯಿಂದ ಬಂದ ಬಿಳಿಯರಲ್ಲ, ನಮ್ಮವರೇ. ಸಂಬಳ ಮೈಸೂರು ಮಹಾರಾಜರದು, ಮಹಾರಾಜರ ತಲೆಯ ಮೇಲೆ ರೆಸಿಡೆಂಟ್, ರೆಸಿಡೆಂಟನ ಮೇಲೆ ವೈಸರಾಯ್. ಇಷ್ಟು ಅಂತಸ್ತು ನನ್ನ ಮೈಮೇಲೂ ಇಲ್ಲ. ಪೆಟ್ಟು ಬಿದ್ದದ್ದು ಮಾತ್ರ ಯಾವಾಗಲೂ ಕೆಳಗಿನ ಅಂತಸ್ತಿಗೆ.

ಆಮೇಲೆ ಆದದ್ದಕ್ಕೆ ನಮ್ಮ ಹಳೆಯ ಮಾತೇ ಸಾಕು: ಊರಳಿವು. ಜನ ಕಾಡು ಸೇರಿದರು, ಮನೆಗಳು ಲೂಟಿಯಾದವು, ಬೆಂಕಿ ಬಿತ್ತು. ಅದಕ್ಕೆ ಎರಡು ವರ್ಷ ಮೊದಲು, 1940ರಲ್ಲಿ, ನಿನ್ನ ಹೆಸರನ್ನು ಉದ್ದ ಮಾಡಿ ಅದರಲ್ಲಿ ಬೆಂಕಿ ಆರಿಸುವವರನ್ನೂ ಸೇರಿಸಿದ್ದರಲ್ಲ, ಕಿಂಗ್ಸ್ ಪೊಲೀಸ್ ಅಂಡ್ ಫೈರ್ ಸರ್ವಿಸಸ್ ಮೆಡಲ್ ಅಂತ? ಈಸೂರಿನ ಮಟ್ಟಿಗೆ ಪೊಲೀಸೂ ಬೆಂಕಿಯೂ ಜೊತೆಗೇ ಬಂದವು. ಆರಿಸುವವರು ದಾರಿ ತಪ್ಪಿದರೇನೋ.

1943ರ ಮಾರ್ಚ್‌ನಲ್ಲಿ ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಬಡಕಳ್ಳಿ ಹಾಲಪ್ಪ, ಗೌಡ್ರ ಶಂಕರಪ್ಪ, ಐವರನ್ನೂ ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಹೆಂಗಸರಿಗೂ ಜೀವಾವಧಿ ಶಿಕ್ಷೆಯಾಯಿತು. ‘ನನ್ನ ಜನ’ ಎಂದಿದ್ದೆಯಲ್ಲ, ಇವರು ಯಾರ ಜನ? ನಿನ್ನ ಅಂಚಿನಲ್ಲಿ ತೊಟ್ಟವನ ಹೆಸರು ಕೆತ್ತಿರುತ್ತದೆ. ಅವನು ಯಾರನ್ನು ಯಾರಿಂದ ಕಾದ ಎಂದು ಬರೆಯುವಷ್ಟು ಜಾಗ ನಿನ್ನಲ್ಲಿರಲಿಲ್ಲ.

ದೊರೆಯ ಆಳುಗಳಿಗೆ ಎದುರು ನಿಲ್ಲುವುದು ನಮ್ಮ ಸೀಮೆಗೆ ಹೊಸತೂ ಅಲ್ಲ. ಅದೇ ಶಿಕಾರಿಪುರದ ತಾಳಗುಂದದ ಕಂಬ ನನ್ನ ಮುತ್ತಜ್ಜ. ಓದಲು ಕಂಚಿಗೆ ಹೋದ ಮಯೂರಶರ್ಮ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ ಕಥೆ ಅದರ ಮೈಮೇಲಿದೆ. ಆ ಸವಾರನ ಹೆಸರು ಅದರಲ್ಲಿಲ್ಲ. ಅವನಿಗೆ ಕಂಚಿಯಲ್ಲಿ ಪದಕ ಸಿಕ್ಕಿತೋ ಏನೋ, ಮಯೂರಶರ್ಮನ ಕದಂಬ ವಂಶಕ್ಕಂತೂ ರಾಜ್ಯವೇ ಸಿಕ್ಕಿತು.

ಮುಂದೆ ಬಿರುದುಗಳನ್ನು ರದ್ದುಮಾಡಿದ ಸಂವಿಧಾನದ 18ನೇ ವಿಧಿ ಬಂತು, ರಾವ್ ಬಹದ್ದೂರ್, ಖಾನ್ ಬಹದ್ದೂರ್ ಎಂಬ ನಿನ್ನ ನೆಂಟರ ಕಾಲ ಮುಗಿಯಿತು. 1951ರಲ್ಲಿ ರಾಷ್ಟ್ರಪತಿಗಳ ಹೆಸರಿನ ಪೊಲೀಸ್ ಪದಕ ಹುಟ್ಟಿತು. ಅದೀಗ ಹುಡುಗ, ನಿನ್ನ ಹಾಗೆ ಬೆನ್ನಿಗೊಂದು, ಮುಖಕ್ಕೊಂದು ಕಲಿಯದಿರಲಿ ಎಂದು ಆಗಾಗ ಬುದ್ಧಿ ಹೇಳುತ್ತಿರು.

ಇನ್ನೂ ಬರೆಯುವುದಿತ್ತು. ಆದರೆ ಹೆಂಗಸರು ಬಟ್ಟೆ ಗಂಟು ಹೊತ್ತು ಬರುತ್ತಿದ್ದಾರೆ. ಈಗ ನನ್ನ ಬೆನ್ನು ಊರಿನ ಒಗೆಯುವ ಕಲ್ಲು. ಕವುಚಿ ಹಾಕಿದ್ದರಿಂದ ಅಕ್ಷರಗಳು ಸವೆದಿಲ್ಲ, ಹಸುಗಳೂ ಹಾಗೇ ಇವೆ.

ಇಂತಿ ನಿನ್ನ ದಾಯಾದಿ,
ತುರುಗೊಳ್ ವೀರಗಲ್ಲು,
ಕೆರೆ ಏರಿಯ ಕೆಳಗೆ, ಸೊರಬ ತಾಲ್ಲೂಕು