ಗಡ್ಡದ ಮಷಿನ್ನಿಗೆ ಸಾಣೆ

ಮಸ್ಕಿಯಲ್ಲಿ ಕಲ್ಲಿಗೆ ಬರವಿಲ್ಲ. 1915ರಲ್ಲಿ ಬಂಗಾರದ ಜಾಡು ಹುಡುಕುತ್ತಿದ್ದ ಗಣಿ ಎಂಜಿನಿಯರ್ ಬೀಡನ್‌ಗೆ ಇಲ್ಲಿ ಸಿಕ್ಕಿದ್ದು ಅಶೋಕನ ಹೆಸರಿದ್ದ ಬಂಡೆ. ಎರಡು ಸಾವಿರ ವರ್ಷ ದಾಟಿದರೂ ಆ ಅಕ್ಷರಗಳು ಓದಲು ಬರುತ್ತವೆ. ನಮ್ಮ ಟ್ರಿಮ್ಮರ್ ಮಾತ್ರ ಎರಡು ಹಬ್ಬ ಕಳೆಯುವುದರೊಳಗೆ ಗಡ್ಡ ಕತ್ತರಿಸುವುದು ಬಿಟ್ಟು ಕೀಳತೊಡಗುತ್ತದೆ. ಡಬ್ಬಿಯ ಮೇಲೇನೋ ಬ್ಲೇಡು ತನಗೆ ತಾನೇ ಸಾಣೆ ಹಿಡಿದುಕೊಳ್ಳುತ್ತದೆ ಎಂದು ಬರೆದಿರುತ್ತಾರೆ. ಹೌದು, ಮಕ್ಕಳು ತಾವೇ ಓದಿಕೊಳ್ಳುತ್ತವೆ ಎನ್ನುವಷ್ಟೇ ನಿಜ.

ನಮ್ಮ ಓಣಿಯ ಕಾಕಾ ಅರ ಹಿಡಿದು ಒಂದೊಂದೇ ಹಲ್ಲು ತಿಕ್ಕಲು ಕುಳಿತರು. ಕಟಿಂಗ್ ಅಂಗಡಿಯವನು ನೋಡಿ ನಕ್ಕ:

“ಅದು ಮೊಂಡಾಗಿಲ್ರಿ ಕಾಕಾ, ಹೊಲಸಾಗೈತಿ.”

ಸ್ಕ್ರೂ ಬಿಚ್ಚಿದರೆ ಕೂದಲು, ಧೂಳು, ಪೌಡರು, ಯಾವಾಗಲೋ ಹಾಕಿದ ಕೊಬ್ಬರಿಎಣ್ಣೆಯ ಜಿಡ್ಡು! ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಒಣಗಿಸಿ, ಹೊಲಿಗೆ ಮಷಿನ್ನಿನ ಎಣ್ಣೆ ಒಂದೆರಡು ಹನಿ ಬಿಟ್ಟರೆ ಅರ್ಧ ರೋಗ ವಾಸಿ. ನಿಜವಾಗಿಯೂ ಮೊಂಡಾಗಿದ್ದರೆ ಹಲ್ಲಿಗೆ ಕೈಹಚ್ಚಬಾರದು. ಎರಡು ಬ್ಲೇಡು ಒಂದನ್ನೊಂದು ತಾಕುವ ಚಪ್ಪಟೆ ಮೈಯನ್ನು ನುಣುಪಾದ ಸಾಣೆಕಲ್ಲಿನ ಮೇಲೆ ಸಮನಾಗಿ ಎಳೆಯಬೇಕು. (ಅಶೋಕನ ಬಂಡೆಯ ಹತ್ತಿರ ಹೋಗಬೇಡಿ, ಅದು ಪುರಾತತ್ವ ಇಲಾಖೆಯದು.) ಜೋಡಿಸುವಾಗ ಓಡಾಡುವ ಬ್ಲೇಡು ಕೂದಲೆಳೆಯಷ್ಟು ಹಿಂದಿರಲಿ. ಮುಂದೆ ಬಂದರೆ ಗಡ್ಡದ ಜೊತೆ ಗಲ್ಲವೂ ಹೋದೀತು.

ಕಾಕಾ ಎಲ್ಲ ಕೇಳಿಸಿಕೊಂಡು ಮಷಿನ್ ಜೋಡಿಸಿದರು. ಒಂದು ಸ್ಕ್ರೂ ಉಳಿಯಿತು.

“ಇದು ಎಲ್ಲಿದ್ರೀ?”

“ಎಕ್ಸ್‌ಟ್ರಾ ಕೊಟ್ಟಿರ್ತಾರ ಬಿಡು,” ಎಂದು ಕಾಕಾ ಜೇಬಿಗೆ ಹಾಕಿಕೊಂಡರು.