ಡೈರೆಕ್ಟರ್ ಸಾಹೇಬ್ರು

ಎಂಜಿನಿಯರಿಂಗ್ ಕಾಲೇಜಿನ ಕೊನೇ ವರ್ಷದಲ್ಲಿ ನಾಲ್ಕು ಜನ ಸೇರಿ ಗೇಮ್ ಮಾಡಲು ಹೊರಟರೆ ಅದರಲ್ಲೊಬ್ಬ ಡೈರೆಕ್ಟರ್ ಇದ್ದೇ ಇರುತ್ತಾನೆ. ಅವನನ್ನು ಯಾರೂ ಆರಿಸಿರುವುದಿಲ್ಲ. ಉಳಿದವರು ಕ್ಯಾಂಟೀನ್ ಬಿಲ್ ಯಾರು ಕೊಡಬೇಕೆಂದು ಚರ್ಚಿಸುತ್ತಿರುವಾಗ ಇವನು ವಾಟ್ಸ್‌ಆ್ಯಪ್ ಗ್ರೂಪ್ ಮಾಡಿ, ಅದಕ್ಕೊಂದು ಸ್ಟುಡಿಯೋ ಹೆಸರಿಟ್ಟು, ತಾನೇ ಅಡ್ಮಿನ್ ಆಗಿಬಿಟ್ಟಿರುತ್ತಾನೆ. ಲೋಗೋ ಅವತ್ತು ರಾತ್ರಿಯೇ ರೆಡಿ. ಗೇಮ್ ಎಂಟನೇ ಸೆಮಿಸ್ಟರಿಗೆ, ಬಂದರೆ.

ಪ್ರಾಜೆಕ್ಟ್ ಗೈಡ್ ಎಂಬ ಕುರ್ಚಿಯಲ್ಲಿ ಕೂತು ನಾನು ಈ ಜಾತಿಯವರನ್ನು ವರ್ಷ ವರ್ಷವೂ ಕಂಡಿದ್ದೇನೆ. ಹೋದ ವರ್ಷದವನು ಸಿನಾಪ್ಸಿಸ್ ಹಿಡಿದು ಬಂದವನೇ ಶುರು ಮಾಡಿದ: "ಸರ್, ವಿಜಯನಗರ. ಓಪನ್ ವರ್ಲ್ಡ್. 1565, ತಾಳಿಕೋಟೆ ಯುದ್ಧ. ಆಡುವವನು ಇತಿಹಾಸವನ್ನೇ ಬದಲಾಯಿಸಬಹುದು!" ಹಿಂದೆ ಮೂವರು ನಿಂತಿದ್ದರು. ಅವರಲ್ಲಿ ಸಿ-ಶಾರ್ಪ್ ಬರುತ್ತಿದ್ದದ್ದು ಒಬ್ಬಳಿಗೆ ಮಾತ್ರ. ಯುದ್ಧದ ಪೂರ್ತಿ ಭಾರ ಯಾರ ತಲೆ ಮೇಲೆ ಬೀಳಲಿದೆ ಎಂಬುದು ಅವಳ ಮುಖದಲ್ಲಿ ಆಗಲೇ ಕಾಣುತ್ತಿತ್ತು. "ಮೊದಲು ಆ ಸೈನಿಕ ನಡೆಯೋ ಹಾಗೆ ಮಾಡಿ, ಇತಿಹಾಸ ಆಮೇಲೆ ನೋಡೋಣ" ಎಂದೆ. ಅವನು ನನ್ನ ಕಾಲದ ಬಗ್ಗೆ ಕನಿಕರಪಟ್ಟವನಂತೆ ನಕ್ಕ.

ಅವನನ್ನು ಸೋಮಾರಿ ಎನ್ನುವ ಹಾಗಿಲ್ಲ. ಮದುವೆ ಮನೆಯಲ್ಲಿ ಹೆಗಲಿಗೆ ಟವೆಲ್ ಹಾಕಿಕೊಂಡು ಓಡಾಡುವ ಸೋದರಮಾವನ ಹಾಗೆ ಎಲ್ಲ ಕಡೆಯೂ ಇರುತ್ತಾನೆ, ಎಲೆ ಮಾತ್ರ ಬೇರೆಯವರು ಹಾಕಬೇಕು. ರಾತ್ರಿ ಎರಡರವರೆಗೆ ಗೇಮ್ ಆಡುತ್ತಾನೆ, ಅದಕ್ಕೆ ರಿಸರ್ಚ್ ಎನ್ನುತ್ತಾನೆ. ಟೀಮ್ ಕಂಗೆಟ್ಟು ಕೂತರೆ 2016ರಲ್ಲಿ ಬಂದ ಸ್ಟಾರ್‌ಡ್ಯೂ ವ್ಯಾಲಿಯ ಕಥೆ ತೆಗೆಯುತ್ತಾನೆ: "ಎರಿಕ್ ಬರೋನ್ ಒಬ್ಬನೇ ಮಾಡ್ದ ಕಣ್ರೋ, ನಾವು ನಾಲ್ಕು ಜನ ಇದ್ದೀವಿ!" ಆ ಬರೋನ್ ನಾಲ್ಕು ವರ್ಷಕ್ಕೂ ಮೇಲೆ ಕೂತು ಕೋಡ್, ಚಿತ್ರ, ಸಂಗೀತ ಎಲ್ಲವನ್ನೂ ತಾನೇ ಮಾಡಿದ ಎಂಬ ಭಾಗ ಬರುವ ಹೊತ್ತಿಗೆ ಇವನಿಗೆ ಯಾವುದೋ ಫೋನ್ ಬಂದಿರುತ್ತದೆ.

ಇಂಥವರು ಮಾತಾಡಿಕೊಂಡಿರುವಷ್ಟು ದಿನ ಅಪಾಯವಿಲ್ಲ. ಕೈ ಹಾಕಿದ ದಿನ ಕೆಟ್ಟಿತು. ಗೇಮ್ ಮಾಡುವ ಸಾಫ್ಟ್‌ವೇರ್ ಯೂನಿಟಿಯಲ್ಲಿ ಒಂದೇ ಸೀನ್ ಫೈಲನ್ನು ಇಬ್ಬರು ಒಟ್ಟಿಗೆ ತಿದ್ದಿದರೆ, ಎಲ್ಲರ ಕೋಡನ್ನು ಒಟ್ಟುಗೂಡಿಸುವ ಗಿಟ್ ಇಬ್ಬರನ್ನೂ ಜಗಳಕ್ಕೆ ಬಿಡುತ್ತದೆ. ಆ ಜಗಳ ಬಿಡಿಸಲಾಗದೆ ಇವರು ಪೆನ್‌ಡ್ರೈವ್‌ಗೆ ಇಳಿದರು. ಅದರಲ್ಲಿ 'ಫೈನಲ್', 'ಫೈನಲ್ 2', 'ಇದೇ ಫೈನಲ್' ಎಂಬ ಫೋಲ್ಡರುಗಳಿದ್ದವು. ರಿವ್ಯೂ ಹಿಂದಿನ ರಾತ್ರಿ ಸಾಹೇಬ್ರು ಯೂಟ್ಯೂಬ್ ನೋಡಿ, ಲೈಟಿಂಗ್ ಚೆನ್ನಾಗಿ ಬರುತ್ತದೆಂದು ರೆಂಡರ್ ಪೈಪ್‌ಲೈನ್ ಬದಲಾಯಿಸಿ ಮಲಗಿದರು. ಹಳೆಯ ಶೇಡರುಗಳು ಹೊಸದಕ್ಕೆ ಹೊಂದದಿದ್ದರೆ ಯೂನಿಟಿ ಕಣ್ಣು ಕುಕ್ಕುವ ಗುಲಾಬಿ ಬಣ್ಣ ಬಳಿಯುತ್ತದೆ. ಬೆಳಗ್ಗೆ ಪ್ಯಾನೆಲ್ ಮುಂದೆ ಪ್ರೊಜೆಕ್ಟರ್ ಹಚ್ಚಿದರೆ ಐವತ್ತರ ನೋಟಿನ ಹಿಂದಿರುವ ಅದೇ ಕಲ್ಲಿನ ರಥ, ಗಾಲಿಯಿಂದ ಮೇಲಿನವರೆಗೂ ಅಪ್ಪಟ ಗುಲಾಬಿ.

"ಏನಪ್ಪಾ ಇದು?" ಎಂದರು ಎಚ್‌ಒಡಿ.

"ಹೋಳಿ ಲೆವೆಲ್ ಸರ್. ಹಂಪಿಯಲ್ಲಿ ಹೋಳಿ ತುಂಬಾ ಜೋರು."

ಅದು ಸುಳ್ಳೂ ಅಲ್ಲವಲ್ಲ! ಪ್ಯಾನೆಲ್‌ನವರು ಹಂಪಿಯ ಹೋಳಿ, ಅಲ್ಲಿಂದ ಹೊಸಪೇಟೆಯ ಹೋಟೆಲು ಎಂದು ಮಾತಿಗಿಳಿದರು. ರಿವ್ಯೂ ಮುಗಿಯಿತು.

ಆಮೇಲೆ ಸಾಮ್ರಾಜ್ಯ ಕರಗತೊಡಗಿತು. ಓಪನ್ ವರ್ಲ್ಡ್ ಹೋಗಿ ಬಜಾರ್ ಬೀದಿ ಉಳಿಯಿತು, ಆನೆಗಳು ಹೋದವು, ಎರಡೂ ಕೈ ಚಾಚಿ ಬೆಪ್ಪಾಗಿ ನಿಂತಿದ್ದ ಆದಿಲ್‌ಶಾಹಿ ಸೈನಿಕರೂ ಹೋದರು. ಕೊನೆಗೆ ಉಳಿದದ್ದು ನಿಲ್ಲದೆ ಓಡುತ್ತ ವರಹ ಆಯುವ ಒಬ್ಬ ಮನುಷ್ಯ. ಟೆಂಪಲ್ ರನ್‌ನ ಬಡ ತಮ್ಮ. ಯುದ್ಧ ಎಲ್ಲಯ್ಯಾ ಎಂದರೆ ಡೈರೆಕ್ಟರ್ ಬಳಿ ಇತಿಹಾಸವೇ ಸಿದ್ಧವಿತ್ತು: "ಸರ್, ಸೋತ ಮೇಲೆ ತಿರುಮಲರಾಯ ಬೊಕ್ಕಸ ಹೊತ್ಕೊಂಡು ಪೆನುಕೊಂಡೆಗೆ ಓಡಲಿಲ್ವಾ? ಇದು ಅದೇ."

ರಿಪೋರ್ಟಿನಲ್ಲಿ 'ಕಲಿತದ್ದೇನು' ಎಂಬ ಭಾಗವನ್ನು ಆ ಹುಡುಗಿ ಬರೆದಿದ್ದಳು. ಮೂರೇ ಸಾಲು, ಅದರಲ್ಲೊಂದು: ಸೀನ್ ಫೈಲನ್ನು ಒಂದು ಸಲಕ್ಕೆ ಒಬ್ಬರೇ ಮುಟ್ಟಬೇಕು. ಸಾಹೇಬ್ರ ಪಾಲಿಗೆ ಬಂದಿದ್ದು 'ಮುಂದಿನ ವಿಸ್ತರಣೆಗಳು'. ಅದು ಪುಟ ಪುಟ ಹರಿದು ಮಲ್ಟಿಪ್ಲೇಯರ್, ವಿಆರ್ ದಾಟಿ, ತಾನೇ ಯೋಚಿಸುವ ಆನೆಗಳ ತನಕ ಹೋಗಿತ್ತು. ಕೃತಜ್ಞತಾ ಪುಟ ಮಾತ್ರ ಸೀನಿಯರ್‌ಗಳದ್ದು. ಅವರ ಗೈಡ್ ಹೆಸರಿಗೇ ಧನ್ಯವಾದ ಹೇಳಿತ್ತು, ನಾನು ಪೆನ್ನಿನಲ್ಲಿ ತಿದ್ದಿದೆ.

ವೈವಾದಲ್ಲಿ ಎಕ್ಸ್‌ಟರ್ನಲ್ ಖಡಕ್ ಮನುಷ್ಯ. ಭಾಷಣವನ್ನು ಅರ್ಧಕ್ಕೇ ತಡೆದು, "ನೀನು ಬರೆದ ಕೋಡ್ ತೋರಿಸು" ಎಂದರು. ಡೈರೆಕ್ಟರ್ ಮೌನವಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಹುಡುಕಿ ಹುಡುಕಿ ಒಂದು ಸಾಲು ತೋರಿಸಿದ. ಓಟದ ವೇಗ, 5 ಇದ್ದದ್ದನ್ನು 8 ಮಾಡಿದ್ದ.

"ಇಷ್ಟೇನಾ?"

"ಇಷ್ಟೇ ಸರ್."

ಹುಡುಗಿ ಬಾಯಿ ಹಾಕಿದಳು. ಗುಲಾಬಿ ರಥದ ಲೆಕ್ಕ ಚುಕ್ತಾ ಮಾಡುತ್ತಾಳೆ ಎಂದುಕೊಂಡೆ. "5ರಲ್ಲಿ ಆಟ ಸಪ್ಪೆ ಇತ್ತು ಸರ್. ನಾವು ಮೂವರೂ 6, 7 ಎಲ್ಲ ಹಾಕಿ ನೋಡಿ ಬಿಟ್ಟಿದ್ವಿ. ಇವನು ಒಂದು ಸಲ ಆಡಿ, ವೇಗ ಹೆಚ್ಚಿಸಿ, ವರಹಗಳನ್ನ ಸ್ವಲ್ಪ ದೂರ ದೂರ ಇಡಿ ಅಂದ. ಆಮೇಲೆ ಹಾಸ್ಟೆಲ್‌ನಲ್ಲಿ ಯಾರೂ ಲ್ಯಾಪ್‌ಟಾಪ್ ವಾಪಸ್ ಕೊಡ್ತಿರಲಿಲ್ಲ."

ಎಕ್ಸ್‌ಟರ್ನಲ್ ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡು ಓಡಿಸಿದರು. ಕಂಬಕ್ಕೆ ಡಿಕ್ಕಿ ಹೊಡೆದು ಸತ್ತರು. "ಮುಂದಿನ ಬ್ಯಾಚ್‌ನವರು ಹೊರಗೆ ಕಾಯ್ತಿದ್ದಾರೆ" ಎಂದು ನಾನು ನೆನಪಿಸಿದೆ. "ಇರ್ಲಿ ಇರ್ರೀ" ಎಂದು ಮತ್ತೆ ಸ್ಟಾರ್ಟ್ ಒತ್ತಿದರು. ಅಷ್ಟರಲ್ಲಿ ನಮ್ಮ ಡೈರೆಕ್ಟರ್‌ಗೆ ದನಿ ವಾಪಸ್ ಬಂದಿತ್ತು: "ಸರ್, ಎಡಗಡೆ... ಎಡಗಡೆ ಹೋಗಿ, ಅಲ್ಲಿ ವರಹ ಜಾಸ್ತಿ!"