ಬಳಕೆದಾರರ ಅನುಕೂಲಕ್ಕಾಗಿ ಒಂದು ಸಿ.ಡಿ.

ಗೆ,
ಮಾನ್ಯ ಸಂಯೋಜಕರು,
ಕೇಂದ್ರೀಯ ಉಪಕರಣ ಸೌಲಭ್ಯ,
ನಮ್ಮದೇ ವಿಶ್ವವಿದ್ಯಾಲಯ.

ವಿಷಯ: ಸೆಮ್ (ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಯಂತ್ರದಿಂದ ನನ್ನ ಚಿತ್ರಗಳನ್ನು ಬಿಡುಗಡೆ ಮಾಡಿಸಿಕೊಡುವ ಬಗ್ಗೆ.
ಉಲ್ಲೇಖ: ತಮ್ಮ ಬಾಗಿಲಿಗೆ ಅಂಟಿಸಿರುವ ನಿಯಮಾವಳಿ. ದಿನಾಂಕದ ಮೇಲೆ ಟೇಪು ಹಳದಿಗಟ್ಟಿರುವುದರಿಂದ ಯಾವ ಕಾಲದ್ದೆಂದು ತಿಳಿಯಲಿಲ್ಲ.

ಮಾನ್ಯರೇ,

ಈ ಪತ್ರವನ್ನು ತಮ್ಮ ಕೇಂದ್ರದ ಹೊರಗೆ, ಚಪ್ಪಲಿ ಸ್ಟ್ಯಾಂಡಿನ ಪಕ್ಕದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಸಂಜೆ ನಾಲ್ಕಾಗಿದೆ. ನನ್ನ ಸ್ಲಾಟ್ ಇದ್ದದ್ದು ಬೆಳಿಗ್ಗೆ ಹತ್ತಕ್ಕೆ. ಕೆಲಸ ಆಗಲಿಲ್ಲವೇ ಅಂದರೆ, ಆಗಿದೆ. ನಡುಮಧ್ಯಾಹ್ನಕ್ಕೆಲ್ಲ ನನ್ನ ಅಡಿಕೆ ಸಿಪ್ಪೆಯ ನಾರಿನ ಅಷ್ಟೂ ಚಿತ್ರ ತೆಗೆದು ಮುಗಿದಿತ್ತು. ಅವೀಗ ಗಾಜಿನ ಬಾಗಿಲಿನ ಆಚೆ, ತಮ್ಮ ಕಂಪ್ಯೂಟರಿನ ಫೋಲ್ಡರೊಂದರಲ್ಲಿ, ನನ್ನ ಹೆಸರಿನಲ್ಲೇ ಕೂತಿವೆ. ನನಗೂ ಅವಕ್ಕೂ ನಡುವೆ ಹೆಚ್ಚೆಂದರೆ ಹತ್ತಡಿ. ಆದರೆ ಅವು ಹೊರಗೆ ಬರುವಂತಿಲ್ಲ. ಯಾಕೆಂದರೆ ನಾನು ತಂದ ಸಿ.ಡಿ.ಗೆ ಸೀಲ್ ಇಲ್ಲ.

ನಿಯಮ 14 ಕಣ್ಣೆದುರೇ ಇದೆ: ಬಳಕೆದಾರರ ಅನುಕೂಲಕ್ಕಾಗಿ ದತ್ತಾಂಶವನ್ನು ಹೊಸ, ಸೀಲ್ ಒಡೆಯದ ಸಿ.ಡಿ.ಯಲ್ಲಿ ಮಾತ್ರ ನೀಡಲಾಗುವುದು. ಪೆನ್‌ಡ್ರೈವ್, ಮೊಬೈಲ್, ಇಮೇಲ್ ಕಡ್ಡಾಯವಾಗಿ ನಿಷೇಧಿಸಲಾಗಿದೆ.

ಬಳಕೆದಾರರ ಬಗ್ಗೆ ತಮಗಿರುವ ಕಾಳಜಿ ಇದೊಂದೇ ಕಡೆ ಕಾಣುವುದಿಲ್ಲ. ಬಳಕೆದಾರರ ಅನುಕೂಲಕ್ಕಾಗಿ ಅರ್ಜಿ ಮೂರು ಪ್ರತಿ. ಬಳಕೆದಾರರ ಅನುಕೂಲಕ್ಕಾಗಿ ಬುಕಿಂಗ್ ತಿಂಗಳ ಮೊದಲ ಸೋಮವಾರ ಹನ್ನೊಂದರಿಂದ ಹನ್ನೆರಡರೊಳಗೆ. ಬಳಕೆದಾರರ ಅನುಕೂಲಕ್ಕಾಗಿ ಶುಲ್ಕವನ್ನು ಆನ್‌ಲೈನಿನಲ್ಲಿ ಕಟ್ಟಬೇಕು; ಕಟ್ಟಿದ್ದನ್ನು ಪ್ರಿಂಟ್ ತೆಗೆಯಬೇಕು; ಪ್ರಿಂಟಿಗೆ ಗೈಡ್ ಸಹಿ, ಮುಖ್ಯಸ್ಥರ ಮೊಹರು; ಅದನ್ನು ಹಣಕಾಸು ಶಾಖೆಗೆ ತೋರಿಸಿ, ಅವರು ಕೊಟ್ಟ ರಸೀದಿಯ ಜೆರಾಕ್ಸ್ ತಮಗೆ. ಆನ್‌ಲೈನ್ ಮಾಡಿದ್ದರಿಂದ ಒಂದು ಜೆರಾಕ್ಸ್ ಹೆಚ್ಚಾಯಿತು ಅಷ್ಟೆ. ಶುಲ್ಕದ ಮೇಲೆ ಶೇ 18ರ ಜಿಎಸ್‌ಟಿ. ಇದನ್ನೆಲ್ಲ ದೂರುತ್ತಿಲ್ಲ. ಪಿಎಚ್.ಡಿ. ಮಾಡುವವನಿಗೆ ಕಾಯುವುದು ಅಭ್ಯಾಸವಾಗಿರುತ್ತದೆ.

ಒಳಕೋಣೆಯ ನಿಯಮಗಳ ಮೇಲೂ ತಕರಾರಿಲ್ಲ. ಸ್ಯಾಂಪಲ್ ಪೂರ್ತಿ ಒಣಗಿರಬೇಕು ಅಂದಿರಿ. ಎಲೆಕ್ಟ್ರಾನ್ ಕಿರಣ ಓಡಾಡಬೇಕಾದರೆ ನಿರ್ವಾತ ಬೇಕು, ಹಸಿ ಸ್ಯಾಂಪಲ್ಲು ಒಳಗೆ ಆವಿ ಬಿಟ್ಟರೆ ಯಂತ್ರದ ಹೊಟ್ಟೆಯೇ ಕೆಡುತ್ತದೆ. ಓವನ್ನಿನಲ್ಲಿಟ್ಟು ಒಣಗಿಸಿ ತಂದೆ. ಗ್ಲೌಸ್ ಹಾಕು ಅಂದಿರಿ, ಹಾಕಿದೆ. ನಾರಿಗೆ ವಿದ್ಯುತ್ ಹರಿಯುವ ಗುಣವಿಲ್ಲ, ಹಾಗೇ ಇಟ್ಟರೆ ಎಲೆಕ್ಟ್ರಾನ್ ಅಲ್ಲೇ ಜಮಾಯಿಸಿ ಚಿತ್ರವೆಲ್ಲ ಬೆಳ್ಳಗಾಗುತ್ತದೆ, ಅದಕ್ಕೇ ಕೆಲವು ನ್ಯಾನೋಮೀಟರಿನಷ್ಟು ಚಿನ್ನ ಬಳಿಯಬೇಕು ಅಂದಿರಿ. ಬಳಿಸಿದೆ. ಟಂಗ್‌ಸ್ಟನ್ ಫಿಲಮೆಂಟು ನೂರು ಗಂಟೆ ಬಾಳಿದರೆ ಪುಣ್ಯ, ಹಾಗಾಗಿ ಸ್ಲಾಟ್ ಮೀರಿ ಒಂದು ನಿಮಿಷವೂ ಇಲ್ಲ ಅಂದಿರಿ. ಒಪ್ಪಿದೆ. ಆ ನಿಯಮಗಳನ್ನು ಮಾಡಿದ್ದು ಭೌತವಿಜ್ಞಾನ. ಅದರ ಎದುರು ಯಾರದೂ ನಡೆಯುವುದಿಲ್ಲ. ಆದರೆ ನಿಯಮ 14 ಮಾಡಿದ್ದು ಯಾರು ಸ್ವಾಮಿ?

ತಮ್ಮ ಆಪರೇಟರ್ ಮೇಲೂ ಸಿಟ್ಟಿಲ್ಲ. ಹೊರಗುತ್ತಿಗೆ ಮೇಲೆ ದುಡಿಯುವ ಆತ ಊಟ ಬಿಟ್ಟು ನನ್ನ ಕೆಲಸ ಮುಗಿಸಿಕೊಟ್ಟ. ಎರಡು ಸಾವಿರ ಪಟ್ಟು ಹಿಗ್ಗಿಸಿದಾಗ ಪರದೆಯ ಮೇಲೆ ಮೂಡಿದ್ದನ್ನು ತಾವೂ ಬಂದು ನೋಡಬೇಕಿತ್ತು. ಕ್ಷಾರದಲ್ಲಿ ನೆನೆಸದ ನಾರು ಅಂಟು ಮೆತ್ತಿಕೊಂಡು ನುಣ್ಣಗೆ, ಮಂಕಾಗಿ ಬಿದ್ದಿತ್ತು. ನೆನೆಸಿದ ನಾರಿನ ಮೈಯೆಲ್ಲ ಒರಟು, ಅಂಟು ಕರಗಿಹೋದ ಕಡೆ ಉದ್ದಕ್ಕೆ ಗೀರು, ಸಾಲುಸಾಲು ಗುಳಿ. ಆ ಗುಳಿಗಳೇ ನನ್ನ ಪ್ರಬಂಧದ ಮೂರನೇ ಅಧ್ಯಾಯ. ರಾಳ ಹೋಗಿ ಹಿಡಿದುಕೊಳ್ಳುವುದು ಅಲ್ಲೇ. ಮಲೆನಾಡಿನ ರಸ್ತೆ ಬದಿಯಲ್ಲಿ ರಾಶಿ ಹಾಕಿ ಬೆಂಕಿ ಕೊಡುವ ಸಿಪ್ಪೆಯಿಂದ ಹಲಗೆ ಮಾಡಬಹುದು ಅಂತ ನಾನು ಹೇಳಬೇಕಾದರೆ ಆ ಗುಳಿಗಳು ಬೇಕು. ಜರ್ನಲ್ಲಿನ ಎರಡನೇ ರಿವ್ಯೂವರ್ ಕೇಳಿರುವುದೂ ಅವನ್ನೇ, ಸ್ಕೇಲ್ ಬಾರ್ ಸಮೇತ. ಗಡುವು ಈ ತಿಂಗಳ ಕೊನೆ.

ಇಷ್ಟು ಆದ ಮೇಲೆ ಆಪರೇಟರ್ ತಲೆ ಕೆರೆದುಕೊಂಡು ಕೇಳಿದ: "ಸಿ.ಡಿ. ತಂದಿದೀರಾ?"

ತಂದಿದ್ದೆ. ಈ ಊರಿನಲ್ಲಿ ಖಾಲಿ ಸಿ.ಡಿ. ಸಿಗುವುದು ಒಂದೇ ಕಡೆ, ಬಸ್ ಸ್ಟ್ಯಾಂಡ್ ಎದುರಿನ ಫೋಟೋ ಸ್ಟುಡಿಯೋದಲ್ಲಿ. ಮದುವೆ ವೀಡಿಯೋಗೆಂದು ಯಾವ ಕಾಲದಲ್ಲೋ ತರಿಸಿದ ಡಬ್ಬಿ. ಮದುವೆಯವರು ಸಿ.ಡಿ. ಬಿಟ್ಟು ಬಹಳ ಕಾಲವಾಯಿತು. ಈಗ ಗಿರಾಕಿಗಳು ಅಂದರೆ ತಮ್ಮ ಬಳಕೆದಾರರು ಮಾತ್ರ. ಸ್ಟುಡಿಯೋ ಯಜಮಾನರಿಗೆ ತಮ್ಮ ಕೇಂದ್ರದ ಆರೋಗ್ಯ ತಮಗಿಂತ ಚೆನ್ನಾಗಿ ಗೊತ್ತು. "ಎರಡು ವಾರದಿಂದ ಯಾರೂ ಸಿ.ಡಿ. ಕೇಳ್ಲಿಲ್ಲ, ಮಿಷನ್ ಕೆಟ್ಟಿತ್ತಾ ಸಾರ್?" ಅಂತ ವಿಚಾರಿಸಿದರು. ಕೆಟ್ಟಿತ್ತು. ಡಬ್ಬಿಯಿಂದ ಒಂದನ್ನು ತೆಗೆದು, ಅಂಗಿಯ ತುದಿಯಿಂದ ಒರೆಸಿ, ಬಿಳಿ ಕಾಗದದ ಕವರಿಗೆ ಹಾಕಿ ಕೊಟ್ಟರು. ಡಬ್ಬಿಯ ಸಿ.ಡಿ.ಗೆ ಬಿಡಿಬಿಡಿಯಾಗಿ ಸೀಲ್ ಇರುವುದಿಲ್ಲ ಅನ್ನುವುದು ತಮಗೆ ಹೊಳೆದಿರಲಿಕ್ಕಿಲ್ಲ. ಊಟಕ್ಕೆ ಕರೆದವರು ಬಾಳೆಲೆ ನೀವೇ ತನ್ನಿ, ಅದೂ ಸುಳಿ ಬಿಚ್ಚಿರಬಾರದು ಅಂದ ಹಾಗಾಯಿತು.

ಆಪರೇಟರ್ ಕವರ್ ಬಿಚ್ಚಿ ನೋಡಿ, ಪಾಪ, ತಮಗೆ ಫೋನ್ ಮಾಡಿದ. ತಾವು ಮೀಟಿಂಗಿನಲ್ಲಿದ್ದಿರಿ. ಅವನು ಆಮೇಲೂ ಮಾಡಿದ, ತಾವು ಆಮೇಲೂ ಮೀಟಿಂಗಿನಲ್ಲಿದ್ದಿರಿ. ಅದಕ್ಕೇ ಬೆಂಚು, ಅದಕ್ಕೇ ಪತ್ರ.

ನಿಯಮ 14ಕ್ಕೆ ಕಾರಣ ವೈರಸ್ ಅಂತ ಗೊತ್ತು. ತಮ್ಮ ಯಂತ್ರಕ್ಕೆ ಜೋಡಿಸಿರುವ ಕಂಪ್ಯೂಟರು ಇನ್ನೂ ವಿಂಡೋಸ್ ಎಕ್ಸ್‌ಪಿಯಲ್ಲಿ ಓಡುತ್ತದೆ. ಅದನ್ನು ಮಾಡಿದ ಕಂಪನಿಯೇ 2014ರ ಏಪ್ರಿಲ್‌ನಲ್ಲಿ ಅದರ ಕೈ ಬಿಟ್ಟಿತು, ತಾವು ಬಿಟ್ಟಿಲ್ಲ. ಬದಲಾಯಿಸಿದರೆ ಯಂತ್ರದ ಸಾಫ್ಟ್‌ವೇರ್ ನಡೆಯುವುದಿಲ್ಲ, ಹೊಸದಕ್ಕೆ ಲಕ್ಷಗಟ್ಟಲೆ ಬೇಕು ಅನ್ನುವುದೂ ನಿಜವಿರಬಹುದು. ಅಂಥ ಕಂಪ್ಯೂಟರಿಗೆ ಕಂಡಕಂಡವರ ಪೆನ್‌ಡ್ರೈವ್ ಚುಚ್ಚುವುದು ಅಪಾಯವೇ. ಇರಾನಿನ ನತಾನ್ಜ್ ಅಣು ಘಟಕವನ್ನು ಹಾಳುಗೆಡವಿದ ಸ್ಟಕ್ಸ್‌ನೆಟ್ 2010ರಲ್ಲಿ ಬಯಲಾದಾಗ, ಅದು ಒಳಹೊಕ್ಕಿದ್ದು ಪೆನ್‌ಡ್ರೈವ್ ಮೂಲಕವೇ ಅಂತ ಜಗತ್ತೆಲ್ಲ ಮಾತಾಡಿಕೊಂಡಿತ್ತು. ನಮ್ಮ ಅಡಿಕೆ ಸಿಪ್ಪೆಯ ಮೇಲೆ ಯಾವ ದೇಶದ ಕಣ್ಣಿದೆಯೋ, ಯಾರು ಕಂಡವರು.

ಆದರೆ ಮುಂದಿನದನ್ನು ಕೇಳಿ. ಸೀಲ್ ಇರುವ ಸಿ.ಡಿ.ಯೇ ಸಿಕ್ಕಿತು ಅನ್ನೋಣ. ತೆಗೆದುಕೊಂಡು ಹೋಗಿ ಹಾಕುವುದೆಲ್ಲಿಗೆ? ನನ್ನ ಲ್ಯಾಪ್‌ಟಾಪಿಗೆ ಸಿ.ಡಿ. ಹಾಕುವ ಬಾಯಿಯೇ ಇಲ್ಲ. ನಮ್ಮ ವಿಭಾಗದಲ್ಲಿ ಬಾಯಿ ಇರುವ ಕಂಪ್ಯೂಟರ್ ಒಂದಿದೆ, ಅದು ತೆರೆದರೆ ಮುಚ್ಚುವುದಿಲ್ಲ. ಹಾಗಾಗಿ ಎಲ್ಲರೂ ಮಾಡುವುದೇನೆಂದರೆ, ಸಿ.ಡಿ. ಹಿಡಿದು ಅದೇ ಫೋಟೋ ಸ್ಟುಡಿಯೋಗೆ ವಾಪಸು ಹೋಗಿ, ಅವರ ಕಂಪ್ಯೂಟರಿನಲ್ಲಿ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳುವುದು. ಊರಿನ ಅಷ್ಟೂ ಪೆನ್‌ಡ್ರೈವು ಬಂದು ಹೋಗುವ ಜಾಗ ಅದು. ತಾವು ಯಂತ್ರಕ್ಕೆ ತಗುಲದಂತೆ ಕಾಪಾಡಿದ ವೈರಸ್ಸನ್ನು ನಾವು ಅಲ್ಲಿ ದುಡ್ಡು ಕೊಟ್ಟು ಹತ್ತಿಸಿಕೊಂಡು ಬರುತ್ತೇವೆ, ಬಳಕೆದಾರರ ಅನುಕೂಲಕ್ಕಾಗಿ.

ನನ್ನ ಚಿತ್ರಗಳು ಒಂದೊಂದೂ ಸುಮಾರು 1.2 ಎಂ.ಬಿ. ಹತ್ತು ಸೇರಿದರೆ 12. ಸಿ.ಡಿ.ಯಲ್ಲಿ ಜಾಗ 700. ಉಳಿದದ್ದರಲ್ಲಿ ತಮ್ಮ ನಿಯಮಾವಳಿಯನ್ನೂ ಹಾಕಿಕೊಡಿ, ಹಿಡಿಯುತ್ತದೆ.

ಇದಕ್ಕೆಲ್ಲ ಹೆದರಿ ಕೆಲವರು ಏನು ಮಾಡುತ್ತಾರೆಂದು ಹೇಳಬಾರದು, ಆದರೂ ಹೇಳುತ್ತೇನೆ. ಆಪರೇಟರ್ ನೀರು ಕುಡಿಯಲು ಎದ್ದಾಗ ಪರದೆಯ ಫೋಟೋ ಹೊಡೆದುಕೊಳ್ಳುತ್ತಾರೆ. ಗ್ರಂಥಾಲಯದಲ್ಲಿರುವ ಒಂದು ಪಿಎಚ್.ಡಿ. ಪ್ರಬಂಧದಲ್ಲಿ ನ್ಯಾನೋ ಕಣಗಳ ಚಿತ್ರದ ಮೇಲೆ ಅಡ್ಡಕ್ಕೆ ಒಂದು ಬಿಳಿ ಪಟ್ಟೆ ಇದೆ. ವೈವಾದಲ್ಲಿ ಹೊರಗಿನ ಪರೀಕ್ಷಕರು ಅದೇನೆಂದು ಕೇಳಿದರಂತೆ. ಅಭ್ಯರ್ಥಿ ಸ್ಫಟಿಕದ ಬೆಳವಣಿಗೆ ಅಂದರಂತೆ. ಅದು ತಮ್ಮ ಕೋಣೆಯ ಟ್ಯೂಬ್‌ಲೈಟು. ಅವರಿಗೆ ಪದವಿ ಬಂತು. ಟ್ಯೂಬ್‌ಲೈಟನ್ನು ಪ್ರಬಂಧದಲ್ಲಿ ಈಗಲೂ ನೋಡಬಹುದು.

ಯಂತ್ರದ ಉದ್ಘಾಟನೆಯ ದಿನ ಮಾತ್ರ ಯಾರೂ ಸಿ.ಡಿ. ಕೇಳಿದಂತಿಲ್ಲ. ಟೇಪು ಕತ್ತರಿಸಿದ ಗಣ್ಯರು ಇದೇ ಕೋಣೆಯಲ್ಲಿ, ಚಪ್ಪಲಿ ಸಮೇತ, ಪರದೆಯ ಮುಂದೆ ನಿಂತು ತೆಗೆಸಿಕೊಂಡ ಫೋಟೋಗಳು ಅವರು ಕಾರು ಹತ್ತುವ ಮೊದಲೇ ನಮ್ಮೆಲ್ಲರ ವಾಟ್ಸಾಪಿಗೆ ಬಂದಿದ್ದವು. ಅಂದು ಪರದೆಯ ಮೇಲಿದ್ದದ್ದು ಇರುವೆಯ ತಲೆ. ಆ ಇರುವೆ ಸೀಲ್ ಒಡೆಯದ್ದಿರಬೇಕು.

1965ರಲ್ಲಿ ಕೇಂಬ್ರಿಡ್ಜಿನವರು ಸ್ಟೀರಿಯೋಸ್ಕ್ಯಾನ್ ಎಂಬ ಹೆಸರಿನಲ್ಲಿ ಮೊದಲ ಸೆಮ್ ಯಂತ್ರವನ್ನು ಮಾರುಕಟ್ಟೆಗೆ ತಂದಾಗ ಸಿ.ಡಿ. ಹುಟ್ಟಿರಲೇ ಇಲ್ಲ. ಪರದೆಯ ಚಿತ್ರವನ್ನು ಫಿಲ್ಮಿಗೆ ಇಳಿಸಿ, ತೊಳೆದು, ಕಾಗದಕ್ಕೆ ಹಾಕಿ ಕೊಡುತ್ತಿದ್ದರು. ಸಂಶೋಧಕ ಚಿತ್ರ ಹಿಡಿದು ಮನೆಗೆ ಹೋಗುತ್ತಿದ್ದ. ಸಿ.ಡಿ. ಅಂಗಡಿಗೆ ಬಂದದ್ದು 1982ರಲ್ಲಿ, ಹಾಡು ಕೇಳಲಿಕ್ಕೆ. ಅದು ಬಂದು, ಮೆರೆದು, ಮೂಲೆ ಸೇರಿ, ಈಗ ನಮ್ಮ ವಿಶ್ವವಿದ್ಯಾಲಯದಲ್ಲಿ ಮಾತ್ರ ಉಸಿರಾಡುತ್ತಿದೆ.

ಸಾಕು, ತಮಾಷೆ ಸಾಕು. ನಿಜ ಹೇಳಬೇಕೆಂದರೆ ನನಗೆ ನಗು ಬರುತ್ತಿಲ್ಲ. ಈ ಯಂತ್ರ ಬಂದಿರುವುದು ಸರ್ಕಾರದ ಅನುದಾನದಲ್ಲಿ, ಅಂದರೆ ಜನರ ದುಡ್ಡಿನಲ್ಲಿ. ಇಂಥ ಉಪಕರಣಗಳು ಬೀಗದೊಳಗೆ ಕೊಳೆಯಬಾರದು, ಹಂಚಿಕೊಂಡು ಬಳಸಬೇಕು ಅಂತಲೇ 2020ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಧಾನಿ ಐ-ಸ್ಟೆಮ್ ಪೋರ್ಟಲ್ ಉದ್ಘಾಟಿಸಿದರು. ನಮ್ಮ ಯಂತ್ರದ ಹೆಸರೂ ಅದರಲ್ಲಿದೆ ಎಂದು ತಾವು ವಾರ್ಷಿಕ ವರದಿಯಲ್ಲಿ ಬರೆದುಕೊಂಡಿದ್ದೀರಿ. ಹೊರಗಿನವರಿಗೂ ತೆರೆದಿದೆಯಂತೆ. ನೂರಾರು ಕಿಲೋಮೀಟರು ದೂರದ ಕಾಲೇಜಿನಿಂದ ರಾತ್ರಿ ಬಸ್ಸು ಹತ್ತಿ ಬಂದ ಹುಡುಗಿಯೊಬ್ಬಳು ಈಗ ಇದೇ ಬೆಂಚಿನ ಆ ತುದಿಯಲ್ಲಿ ಕೂತಿದ್ದಾಳೆ. ಅವಳ ಬಳಿಯೂ ಪೆನ್‌ಡ್ರೈವ್ ಮಾತ್ರ ಇದೆ. ಸಿ.ಡಿ. ಎಲ್ಲಿ ಸಿಗುತ್ತದೆ ಅಂತ ನನ್ನನ್ನು ಕೇಳಿದಳು. ಸ್ಟುಡಿಯೋ ಹೆಸರು ಹೇಳಿದೆ, ಸೀಲಿನ ವಿಷಯ ಹೇಳಲು ಬಾಯಿ ಬರಲಿಲ್ಲ. ಅವಳ ಬಸ್ಸು ರಾತ್ರಿ ಎಂಟಕ್ಕೆ. ಅವಳಿಗೆ ತಾವು ಏನು ಹೇಳುತ್ತೀರಿ? ಮೀಟಿಂಗಿನಲ್ಲಿದ್ದೀನಿ ಅಂತಲೇ?

ನಿಯಮ 17ರ ಪ್ರಕಾರ ಏಳು ದಿನದಲ್ಲಿ ಒಯ್ಯದ ದತ್ತಾಂಶವನ್ನು ಅಳಿಸಲಾಗುತ್ತದೆ. ಇಂದು ಶುಕ್ರವಾರ. ನಾಳೆ ಎರಡನೇ ಶನಿವಾರ, ನಾಡಿದ್ದು ಭಾನುವಾರ. ಸೋಮವಾರ, ಮಂಗಳವಾರ ಸರ್ವಿಸ್ ಎಂಜಿನಿಯರ್ ಬರುವುದರಿಂದ ಪ್ರವೇಶವಿಲ್ಲ ಅಂತ ಇನ್ನೊಂದು ಚೀಟಿ ಅಂಟಿಸಿದ್ದೀರಿ. ಅಳಿಸಿದರೆ ಹೊಸ ಅರ್ಜಿ, ಹೊಸ ಶುಲ್ಕ, ಹೊಸ ಜೆರಾಕ್ಸ್, ಮುಂದಿನ ತಿಂಗಳ ಮೊದಲ ಸೋಮವಾರ. ಅಷ್ಟರಲ್ಲಿ ರಿವ್ಯೂವರ್ ಕೊಟ್ಟ ಗಡುವು ಮುಗಿದಿರುತ್ತದೆ.

ಇದಕ್ಕೆ ಪರಿಹಾರ ಬೇಕಾದರೆ ಸಮಿತಿ ಬೇಡ. ಯಂತ್ರದ ಕಂಪ್ಯೂಟರಿನ ಪಕ್ಕ ಇನ್ನೊಂದು ಕಂಪ್ಯೂಟರ್ ಇಡಿ. ಎರಡಕ್ಕೂ ಒಂದು ತಂತಿ. ಚಿತ್ರಗಳು ಆ ಕಡೆಯಿಂದ ಈ ಕಡೆಗೆ ಮಾತ್ರ ಬರಲಿ. ನಾವು ಪೆನ್‌ಡ್ರೈವ್ ಚುಚ್ಚುವುದು ಎರಡನೆಯದಕ್ಕೆ. ಸತ್ತರೆ ಅದು ಸಾಯಲಿ. ಬೇರೆ ಕಡೆ ಎಷ್ಟೋ ಕೇಂದ್ರಗಳು ಹೀಗೆಯೇ ನಡೆಸುತ್ತಿವೆ. ನಮ್ಮ ವಿಭಾಗದ ಉಗ್ರಾಣದಲ್ಲಿ ಧೂಳು ಹಿಡಿದ ಕಂಪ್ಯೂಟರುಗಳಿವೆ, ಹೇಳಿದರೆ ನಾನೇ ಹೊತ್ತು ತರುತ್ತೇನೆ.

ಆಗದು ಅಂದರೆ ನನ್ನದು ಇನ್ನೊಂದು ಯೋಜನೆ ಇದೆ. ಮುಂದಿನ ಸ್ಲಾಟಿಗೆ ಅಡಿಕೆ ಸಿಪ್ಪೆ ಬದಲು ಹಳೆಯ ಚಿತ್ರಗೀತೆಗಳ ಸಿ.ಡಿ.ಯ ಒಂದು ತುಂಡನ್ನು ತರುತ್ತೇನೆ. ಅಂಗಡಿಯ ಸಿ.ಡಿ.ಯಲ್ಲಿ ಹಾಡು ಅಚ್ಚಾಗಿರುವುದು ಮೈಕ್ರೋಮೀಟರಿಗಿಂತ ಕಡಿಮೆ ಅಗಲದ ಗುಳಿಗಳಲ್ಲಿ. ಒಂದು ಸಾಲಿನಿಂದ ಮುಂದಿನ ಸಾಲಿಗೆ 1.6 ಮೈಕ್ರೋಮೀಟರ್. ತಮ್ಮ ಯಂತ್ರಕ್ಕೆ ಸಲೀಸಾಗಿ ಕಾಣುತ್ತವೆ. ಮೇಲಿನ ಪದರ ಸುಲಿದು, ಚಿನ್ನ ಬಳಿದು, ಒಳಗಿಟ್ಟು, ಚಿತ್ರ ತೆಗೆಸುತ್ತೇನೆ. ಸಿ.ಡಿ.ಯ ಆ ಚಿತ್ರವನ್ನು ನನಗೆ ಕೊಡಲು ತಾವು ಇನ್ನೊಂದು ಸಿ.ಡಿ. ಕೇಳುತ್ತೀರಿ. ಅದನ್ನೂ ತರುತ್ತೇನೆ.

ಈಗ ಆಪರೇಟರ್ ಬೀಗದ ಕೈ ಹಿಡಿದು ಹೊರಗೆ ಬಂದ. ಐದಾಯಿತಂತೆ. ಫೋಲ್ಡರ್ ಹಾಗೇ ಇಟ್ಟಿದ್ದೀನಿ ಸಾರ್, ಬುಧವಾರ ಬನ್ನಿ ಅಂದ. ಬರುತ್ತೇನೆ.

ತಮ್ಮ ವಿಶ್ವಾಸಿ,
ಬಳಕೆದಾರ

ಪ್ರತಿ: ಬಸ್ ಸ್ಟ್ಯಾಂಡ್ ಎದುರಿನ ಫೋಟೋ ಸ್ಟುಡಿಯೋ ಯಜಮಾನರಿಗೆ, ಸೀಲ್ ಇರುವ ದಾಸ್ತಾನು ತರಿಸಲು.

ಈ ಪತ್ರದ ಸಾಫ್ಟ್ ಕಾಪಿ ಕಡತಕ್ಕೆ ಬೇಕಿದ್ದರೆ ತಿಳಿಸಿ. ಪೆನ್‌ಡ್ರೈವಿನಲ್ಲಿದೆ.